ಬಾಬ್‌ನ ಢಿಕ್ಕಿ ಆಟ

ಪ್ಲಾಸಿಡ್ ಮಥಾಯಸ್ ಬಹಳ ಧೈರ್ಯದ ಮನುಷ್ಯ ಎಂದು ಯಾರಾದರೂ ಹೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಧೈರ್ಯ ಬೇರೆ, ಎದುರಿಗೆ ನಿಂತ ಅಪಾಯ ಕಣ್ಣಿಗೆ ಕಾಣದಿರುವುದು ಬೇರೆ. ಅವರಿಗೆ ಕಾಣುತ್ತಿರಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಹೆದರಬೇಕಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಅರಬರ ನಾಡಿನ ಹಫ್ರ್ ಅಲ್ ಬಾತಿನ್ ಊರಾಚೆಯ ಒಂದು ಮಝ್ರಾದಲ್ಲಿದ್ದೆವು. ಮಝ್ರಾ ಎಂದರೆ ತೋಟ. ಖರ್ಜೂರದ ಸಾಲು, ಮೇವಿನ ಹುಲ್ಲು, ಅದರ ಹಿಂದೆ ದೊಡ್ಡ ತಂತಿ ಬೇಲಿಯೊಳಗೆ ನಮ್ಮ ಕಫೀಲನ, ಎಂದರೆ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಒಡೆಯನ, ಹೆಮ್ಮೆಯ ಓರಿಕ್ಸ್ ಹಿಂಡು. ಓರಿಕ್ಸ್ ಮರಳುಗಾಡಿನ ಪ್ರಾಣಿ, ಬಿಳಿ ಬಣ್ಣದ ದಪ್ಪ ಜಿಂಕೆ ಎನ್ನಬಹುದು. ತಲೆಯ ಮೇಲೆ ಈಟಿಯಂತೆ ನೆಟ್ಟಗಿರುವ ಎರಡು ಕೊಂಬು, ಒಂದೊಂದೂ ತೋಳಿನಷ್ಟು ಉದ್ದ. ಅವುಗಳನ್ನು ನೋಡಿಕೊಳ್ಳಲೆಂದು ಮಳವಳ್ಳಿ ಕಡೆಯ ಪಶುವೈದ್ಯನಾದ ನನ್ನನ್ನು ಕರೆಸಿದ್ದರು. ಬೆಳ್ಮಣ್ಣಿನ ಪ್ಲಾಸಿಡ್ ನನಗಿಂತ ಹತ್ತು ವರ್ಷ ದೊಡ್ಡವರು, ಉಗ್ರಾಣದ ಮೇಲ್ವಿಚಾರಕರು. ಪ್ರಾಣಿಗಳಿಗೂ ಅವರಿಗೂ ಕೆಲಸದ ಸಂಬಂಧ ಏನೂ ಇರಲಿಲ್ಲ. ಇಲ್ಲದ ಸಂಬಂಧವನ್ನು ಅವರೇ ಮಾಡಿಕೊಂಡಿದ್ದರು.

ನಾನು ಕೆಲಸಕ್ಕೆ ಸೇರಿದ ದಿನ ಅವರ ಕೋಣೆಗೆ ಚಹಾ ಕುಡಿಯಲು ಹೋದರೆ, ಮಂಚದ ಕೆಳಗಿಂದ ಒಂದು ಓರಿಕ್ಸ್ ಮರಿ ಎದ್ದು ಬಂತು! ತಾಯಿ ಒದ್ದು ಬಿಟ್ಟ ಮರಿಯಂತೆ. ಪ್ಲಾಸಿಡ್ ಹಾಲಿನ ಪುಡಿ ಕದಡಿ ಬಾಟಲಿಯಲ್ಲಿ ಕುಡಿಸಿ ಬದುಕಿಸಿದ್ದರು. ಅದಕ್ಕೆ ಬಾಬ್ ಎಂದು ಹೆಸರು. ಕೊಂಕಣಿಯಲ್ಲಿ ಗಂಡುಮಗುವನ್ನು ಮುದ್ದಿನಿಂದ ಹಾಗೆ ಕರೆಯುತ್ತಾರೆ. ಅವರು ಚಾಪೆಯ ಮೇಲೆ ಮಂಡಿಯೂರಿ, ತಲೆ ಬಗ್ಗಿಸಿ, "ಢೀ... ಢೀ... ಢಿಕ್ಕಿ!" ಎಂದರು. ಮರಿ ತಲೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಒದರಿ, ನಾಲ್ಕು ಹೆಜ್ಜೆ ಓಡಿ ಬಂದು ಅವರ ಹಣೆಗೆ ತನ್ನ ಹಣೆ ತಾಗಿಸಿತು. ನಮ್ಮ ಕಡೆ ತೊಟ್ಟಿಲ ಮಕ್ಕಳಿಗೆ ಆಡಿಸುವ ಅದೇ ಆಟ. ಪ್ಲಾಸಿಡ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನನಗೆ ನಗು ಬರಲಿಲ್ಲ. "ಇದನ್ನ ಇವತ್ತೇ ನಿಲ್ಸಿಬಿಡ್ರೀ," ಎಂದೆ. "ಕೈಯಾರೆ ಸಾಕಿದ ಗಂಡಿಗೆ ಮನುಷ್ಯರ ಭಯ ಇರಲ್ಲ. ದೊಡ್ಡದಾದ್ಮೇಲೆ ಮನುಷ್ಯನ್ನೂ ತನ್ನಂಥದೇ ಇನ್ನೊಂದು ಗಂಡು ಅಂತ ತಿಳ್ಕೊಳ್ಳುತ್ತೆ. ಮದ ಏರಿದಾಗ ಮೊದಲು ಹಾಯೋದು ಸಾಕಿದವನನ್ನೇ."

"ಎಂತ ಡಾಕ್ಟ್ರೆ, ಬಂದ ದಿನವೇ ಹೆದರಿಸ್ತೀರಲ್ಲ ಮಾರಾಯ್ರೆ. ಇದು ಮಗು ಅಲ್ವಾ?"

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದೆ ಇದ್ದವರಿಗೂ ಹೀಗೆ ಮುದ್ದು ಹುಟ್ಟುವುದನ್ನು ನಾನು ನೋಡಿದ್ದು ಅಲ್ಲಿಯೇ.

ಅವರಿಗೆ ಹೆತ್ತ ಮಗಳೂ ಇದ್ದಳು, ವೆನಿಸ್ಸಾ. ಅವಳು ಹುಟ್ಟಿದಾಗ ಪ್ಲಾಸಿಡ್ ಮಝ್ರಾದಲ್ಲಿದ್ದರು. ಮೊದಲ ರಜೆಯಲ್ಲಿ ಊರಿಗೆ ಹೋದಾಗ ಮಗುವಿಗೆ ವರ್ಷ ತುಂಬಿರಲಿಲ್ಲ. ರಜೆಯಿಡೀ ಅವಳೊಂದಿಗೆ ಈ ಢಿಕ್ಕಿ ಆಟ. ಮುಂದಿನ ರಜೆಗೆ ಹೋಗಿ, ಅಂಗಳದಲ್ಲಿ ಪೆಟ್ಟಿಗೆ ಇಳಿಸಿ, ಅಲ್ಲಿಯೇ ಮಂಡಿಯೂರಿ "ಢೀ ಢೀ" ಎಂದರಂತೆ. ಮಗು ಕಿರುಚಿಕೊಂಡು ಅವರ ಹೆಂಡತಿ ಮಾಗ್ದಲಿನ್ ಬಾಯಿಯ ಸೆರಗಿನ ಹಿಂದೆ ಅಡಗಿತಂತೆ. ಅದರ ಮುಂದಿನ ರಜೆಯಲ್ಲಿ ಅವಳು ಹೆದರಲಿಲ್ಲ. ಲೋಟದಲ್ಲಿ ನೀರು ತಂದು "ತಕ್ಕೊಳ್ಳಿ" ಎಂದು ನೆಂಟರಿಗೆ ಕೊಡುವ ಹಾಗೆ ಕೊಟ್ಟಳು. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಹೇಳಿದ ಮೇಲೆ ಎದ್ದು ಹೋಗಿ ಅಕ್ಕಿ ತೊಳೆಯತೊಡಗಿದರು. ಮಗು ಕಿರುಚಿಕೊಂಡ ಆ ಎರಡನೆಯ ರಜೆ ಮುಗಿಸಿ ಅವರು ಮರಳಿದ ಚಳಿಗಾಲದಲ್ಲೇ ಬಾಬ್ ಹುಟ್ಟಿದ್ದು. ನಾನು ಎಷ್ಟು ಬೈದರೂ ಅವರು ಆ ಆಟ ಯಾಕೆ ಬಿಡಲಿಲ್ಲ ಎಂದು ಮತ್ತೆ ಕೇಳಬೇಕಾಗಿರಲಿಲ್ಲ.

ಬಾಬ್‌ಗೆ ಕೊಂಬು ಗೇಣುದ್ದ ಬಂದಾಗ ನಾನು ಕಫೀಲನಿಗೆ ಹೇಳಿ ಅವನನ್ನು ಹಿಂಡಿನೊಳಗೆ ಸೇರಿಸಿದೆ. ಆಮೇಲೂ ಪ್ಲಾಸಿಡ್ ಸಂಜೆ ಹೊತ್ತು ಬೇಲಿಯ ಹತ್ತಿರ ಹೋಗಿ, ತಂತಿಗೆ ಅಂಗೈ ಒತ್ತಿ, ಮೆಲ್ಲಗೆ ಢಿಕ್ಕಿ ಆಡಿಸಿ ಬರುತ್ತಿದ್ದರು. ನಾನು ನೋಡಿದರೆ "ಗಾಳಿಗೆ ಬಂದೆ" ಎನ್ನುತ್ತಿದ್ದರು.

ತೊಂಬತ್ತಾರರ ಅಕ್ಟೋಬರಿನಲ್ಲಿ ಉತ್ತರದಿಂದ ಬಿರುಗಾಳಿ ಬೀಸಿತು. ಬೇಲಿಯ ಒಂದು ಮೂಲೆಯಲ್ಲಿ ಮರಳು ಗುಡ್ಡೆಯಾಗಿ ತಂತಿಯೇ ಮುಚ್ಚಿಹೋಯಿತು. ಆ ಹೊತ್ತಿಗೆ ಬಾಬ್ ನಾಲ್ಕು ವರ್ಷದ ಭರ್ತಿ ಗಂಡು. ಹಿಂಡಿನ ಯಜಮಾನನ ಕೂಡ ಕಾದಾಡಿ, ಸೋತು, ಮೈಯೆಲ್ಲ ಮದ ತುಂಬಿಕೊಂಡಿದ್ದ. ಮರಳಿನ ಮೇಲೆ ನಡೆದು ಆರಾಮವಾಗಿ ಹೊರಗೆ ಹೋದ.

ಹೊರಗೆ ಹೋದವನು ಸುಮ್ಮನಿರಲಿಲ್ಲ. ಒಣಹಳ್ಳದ ಬಾವಿಯ ಬಳಿ ಒಂಟೆ ಮರಿಯೊಂದನ್ನು ಹಾಯ್ದ. ಕಾಯುತ್ತಿದ್ದ ಸುಡಾನಿನ ಮನುಷ್ಯ ನೀರಿನ ಟ್ಯಾಂಕರ್ ಹತ್ತಿ ಜೀವ ಉಳಿಸಿಕೊಂಡ. ಸುದ್ದಿ ತಿಳಿದು ಕಫೀಲ್ ಬಂದರು. ಕೆಟ್ಟ ಮನುಷ್ಯನಲ್ಲ, ಆದರೆ ಮಾತು ಒಂದೇ. "ನಾಳೆ ಹೊತ್ತು ಮುಳುಗಿ ಮಗ್ರಿಬ್ ನಮಾಜು ಆಗುವುದರೊಳಗೆ ಅದನ್ನು ಹಿಡಿದು ತನ್ನಿ. ಆಗದಿದ್ದರೆ ನಾನೇ ಗುಂಡು ಹಾರಿಸುತ್ತೇನೆ. ಯಾರದೋ ಮನೆಯ ಮಗ ಸಾಯುವ ತನಕ ಕಾಯಲಾರೆ," ಎಂದು ಅರಬಿಯಲ್ಲಿ ಹೇಳಿ ಹೊರಟರು. ಪ್ಲಾಸಿಡ್ ಓಡಿ ಬಂದರು. ನನ್ನ ಕೈ ಹಿಡಿದು, "ಡಾಕ್ಟ್ರೆ, ಅವನನ್ನು ಕೊಲ್ಲಲಿಕ್ಕೆ ಬಿಡ್ಬೇಡಿ," ಎಂದರು.

ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗುವಂತಿರಲಿಲ್ಲ. ಓರಿಕ್ಸ್ ಬೆದರಿ ಓಡಿದರೆ ಮೈ ಕಾದು, ಸಿಕ್ಕಿದ ಮೇಲೂ ಸಾಯುತ್ತದೆ. ಅದೂ ಅಲ್ಲದೆ ಕುವೈತಿನ ಯುದ್ಧ ಮುಗಿದು ಐದು ವರ್ಷವಾದರೂ ಹಳ್ಳದಾಚೆಯ ಬಯಲಿನಲ್ಲಿ ಮರಳಿನಡಿ ಏನೇನು ಹೂತಿದೆಯೋ ಯಾರಿಗೂ ಗೊತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ಅರಿವಳಿಕೆ ಸೂಜಿ ಹಾರಿಸುವ ಬಂದೂಕು ನನ್ನ ಬಳಿ ಇತ್ತು. ಅದರ ಗುರಿ ಮೂವತ್ತು ಮೀಟರು ದಾಟಿದರೆ ನಂಬಿಕೆಯಿಲ್ಲ. ಅವನೇ ನಮ್ಮ ಹತ್ತಿರ ಬರಬೇಕು.

ಆ ಬಂದೂಕು ರಿಪೇರಿಗೆ ದಹ್ರಾನಿನಿಂದ ಬರುತ್ತಿದ್ದ ಅಮೆರಿಕದವನೊಬ್ಬ ತನ್ನ ಊರಿನ ಬಿಲ್ಲುಬೇಟೆಯ ಕತೆ ಹೇಳಿದ್ದ. ಅಲ್ಲಿ ಎಲ್ಕ್ ಎಂಬ ದೊಡ್ಡ ಸಾರಂಗವನ್ನು ಮದದ ಕಾಲದಲ್ಲಿ ಕೂಗಿ ಕರೆಯುತ್ತಾರಂತೆ. ಬಿಲ್ಲುಗಾರ ಮುಂದೆ ಅವಿತಿರಬೇಕು, ಕೂಗುವವ ಬಹಳ ಹಿಂದೆ. ಎದುರಾಳಿ ಬಂದಿದ್ದಾನೆಂದು ಸಾರಂಗ ದನಿ ಹುಡುಕಿಕೊಂಡು ಬರುವಾಗ ಬಿಲ್ಲುಗಾರನ ಪಕ್ಕದಲ್ಲೇ ಹಾದುಹೋಗುತ್ತದೆ. ಗಾಳಿ ಮಾತ್ರ ನಮ್ಮ ಕಡೆಯಿಂದ ಅದರ ಕಡೆಗೆ ಬೀಸಬಾರದು. ನಾನು ಆವತ್ತು ಇದನ್ನು ಹರಟೆ ಎಂದು ಕೇಳಿದ್ದೆ. ಈಗ ಅದೇ ನಮ್ಮ ಶಾಸ್ತ್ರವಾಯಿತು. ಓರಿಕ್ಸ್ ಕೂಗುವ ಪ್ರಾಣಿಯಲ್ಲ, ಹಾಗಾಗಿ ಸತ್ತ ಓರಿಕ್ಸಿನ ಎರಡು ಕೊಂಬು ತಂದು ಪ್ಲಾಸಿಡ್ ಕೈಗೆ ಕೊಟ್ಟೆ. ಒಂದಕ್ಕೊಂದು ಬಡಿದರೆ ಎರಡು ಗಂಡು ಕಾದಾಡುವ ಸದ್ದೇ.

ಮರುದಿನ ಬೆಳಗಾಗುತ್ತಲೇ ಹಳ್ಳಕ್ಕೆ ಹೋದೆವು. ಪಿಕಪ್ ಓಡಿಸಿದ್ದು ಪೇಶಾವರದ ಗುಲಾಮ್ ಮುಹಮ್ಮದ್, ನಮ್ಮ ಡ್ರೈವರ್. ಅವನನ್ನು ಗಾಡಿಯ ಜೊತೆ ದೂರದಲ್ಲೇ ನಿಲ್ಲಿಸಿದೆವು. ನಾನು ಮುಳ್ಳುಪೊದೆಯ ಹಿಂದೆ ಮಲಗಿದೆ. ಪ್ಲಾಸಿಡ್ ನನ್ನ ಹಿಂದೆ ದೂರದಲ್ಲಿ ಕೂತು ಕೊಂಬು ಬಡಿದರು, ಪೊದೆ ಅಲ್ಲಾಡಿಸಿದರು. ಬಾಬ್ ಬಂದ. ಬಿಳಿ ಮೈ ಬಿಸಿಲಿಗೆ ಹೊಳೆಯುತ್ತಿತ್ತು. ಇನ್ನೇನು ಗುರಿಗೆ ಸಿಗಬೇಕು ಅನ್ನುವಾಗ ಸುತ್ತು ಹಾಕಿ ನಮ್ಮ ಮೇಲಿಂದ ಗಾಳಿ ಬೀಸುವ ಮಗ್ಗುಲಿಗೆ ಹೋದ. ಮೂಗೆತ್ತಿ ನಿಂತ. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒದರಿದ. ಆಮೇಲೆ ನಿಧಾನವಾಗಿ ತಿರುಗಿ ಹಳ್ಳದ ಕೆಳಗೆ ಹೋಗಿಬಿಟ್ಟ.

ನಾನು ಎದ್ದು ಹೋಗಿ ಪ್ಲಾಸಿಡ್ ತಲೆ ಮೂಸಿದೆ. ತೆಂಗಿನೆಣ್ಣೆ!

"ಎಣ್ಣೆ ಹಚ್ಬೇಡಿ ಅಂತ ಬಡ್ಕೊಂಡೆನಲ್ರೀ! ನಿಮ್ಮ ತಲೆ ವಾಸನೆ ಕುವೈತ್‌ವರ್ಗೂ ಹೋಗುತ್ತೆ."

"ಎಣ್ಣೆ ಹಾಕದಿದ್ರೆ ತಲೆ ಉರಿತದೆ ಡಾಕ್ಟ್ರೆ. ಅದು ಬಿಡಿ, ನೀವು ನೋಡಿದ್ರಾ? ಅವ ತಲೆ ಒದರಿದ. ನಾನು ಅಂತ ಗೊತ್ತಾಯ್ತು ಅವನಿಗೆ. ಕೊಂಬು ಬಡಿಯುವವ ಬೇರೆ, ವಾಸನೆ ನಂದು. ಅದಕ್ಕೆ ಗಲಿಬಿಲಿ ಆಗಿ ಹೋದ್ದು." ಅವರು ಕೊಂಬುಗಳನ್ನು ಕೆಳಗಿಟ್ಟರು. "ನಾನು ಬಾಯಲ್ಲೇ ಕರೀತೇನೆ. ಢಿಕ್ಕಿ ಅಂದ್ರೆ ಬರ್ತಾನೆ."

"ಬರ್ತಾನೆ. ಬಂದು ಏನ್ಮಾಡ್ತಾನೆ?"

ಅವರು ಪಿಕಪ್ಪಿನ ಕಡೆ ನಡೆದರು.

ಮಧ್ಯಾಹ್ನವೆಲ್ಲ ಜಗಳವಾಡಿದೆವು. ನಾನು ಬೇಡವೆಂದೆ, ಗದರಿದೆ, ಕೊನೆಗೆ ಕೈ ಮುಗಿದೆ. ನನ್ನ ಭಯ ಒಂದೆರಡಲ್ಲ. ಸೂಜಿ ತಾಗಿದ ಕೂಡಲೇ ಪ್ರಾಣಿ ಬೀಳುವುದಿಲ್ಲ. ಔಷಧ ಏರಲು ನಿಮಿಷಗಳು ಬೇಕು. ಆ ನಿಮಿಷಗಳಲ್ಲಿ ಅದು ಬೆದರಿ ಓಡಿದರೆ ಎಲ್ಲೋ ಮರೆಯಲ್ಲಿ ಬಿದ್ದು, ನಾವು ಹುಡುಕುವಷ್ಟರಲ್ಲಿ ಮೇವು ಗಂಟಲಿಗೆ ಬಂದು ಉಸಿರು ಕಟ್ಟುತ್ತದೆ. ಓಡದಿದ್ದರೆ ಎದುರಿಗಿರುವವನ ಮೇಲೆ ಹಾಯುತ್ತದೆ. ಸೂಜಿ ತಪ್ಪಿ ಮನುಷ್ಯನಿಗೆ ತಾಗಿದರೆ ಜೀವ ತೆಗೆಯಲು ಆ ಔಷಧದ ಒಂದು ಹನಿ ಸಾಕು. ಎಲ್ಲವನ್ನೂ ಹೇಳಿದೆ. ಅವರು ತಲೆ ಆಡಿಸುತ್ತ ಕೇಳಿ, "ಹಾಗಾದ್ರೆ ನಾನು ಎಂತಾದ್ರೂ ಬೊಬ್ಬೆ ಹೊಡೀಬಾರ್ದು, ಅಷ್ಟೇ ಅಲ್ವಾ?" ಎಂದರು. ಹೊರಗೆ ನೆರಳು ಉದ್ದವಾಗುತ್ತಿತ್ತು. ನನಗೆ ಬೇರೆ ಉಪಾಯವೂ ತೋಚಲಿಲ್ಲ.

ಸಂಜೆ ಬೇಟೆಯ ಶಾಸ್ತ್ರವನ್ನೆಲ್ಲ ತಲೆಕೆಳಗು ಮಾಡಿದೆವು. ಅವರ ವಾಸನೆ ಬಾಬ್‌ನ ಕಡೆಗೇ ಹೋಗುವಂತೆ ಗಾಳಿಗೆ ಬೆನ್ನು ಮಾಡಿ ಪ್ಲಾಸಿಡ್ ಬಯಲಿನಲ್ಲಿ ನಿಂತರು. ಅವರೆದುರಿಗೆ ಗುರಾಣಿಯಾಗಿ ಉಗ್ರಾಣದಿಂದ ತಂದ ಪ್ಲೈವುಡ್ ಹಲಗೆ, ಅದಕ್ಕೆ ಹಗ್ಗದ ಹಿಡಿ. ನಾನು ಪಕ್ಕದಲ್ಲಿ ಹಳ್ಳದ ದಂಡೆಯ ಹಿಂದೆ ಬಂದೂಕು ಹಿಡಿದು ಮಲಗಿದೆ. ಗುಲಾಮ್ ಮುಹಮ್ಮದ್ ಹಿಂದೆ ಎಲ್ಲೋ ಗಾಡಿಯಲ್ಲಿ ದುವಾ ಓದುತ್ತಿದ್ದ. ಪ್ಲಾಸಿಡ್ ಕೈ ಜೇಬಿನೊಳಗಿತ್ತು. ಅಲ್ಲಿ ಅವರ ಜಪಮಣಿ ಇರುತ್ತದೆಂದು ನನಗೆ ಗೊತ್ತು. ನಾನಂತೂ ನಮ್ಮ ಮಾದಪ್ಪನಿಂದ ಹಿಡಿದು ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ.

"ಬಾಬ್... ಬಾ ಬಾಬ್..." ಎಂದರು ಪ್ಲಾಸಿಡ್. ಜೋರಾಗಿ ಅಲ್ಲ, ಕೋಣೆಯಲ್ಲಿ ಹಾಲಿನ ಬಾಟಲಿ ಹಿಡಿದು ಕರೆಯುತ್ತಿದ್ದ ಹಾಗೆ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹಳ್ಳದ ತಿರುವಿನಲ್ಲಿ ಎರಡು ಕೊಂಬು ಕಂಡವು, ಅದರ ಕೆಳಗೆ ಮುಖ. ಬಾಬ್ ಹೆಜ್ಜೆ ಎಣಿಸುವಂತೆ ಬಂದ. ಗುರಿಯ ಅಂಚಿನಲ್ಲಿ ನಿಂತುಬಿಟ್ಟ. ಹಲಗೆ ಕಂಡು ಅವನಿಗೆ ಅನುಮಾನವಾಗಿತ್ತು. ಇನ್ನೊಂದು ಹತ್ತು ಹೆಜ್ಜೆ ಬೇಕಿತ್ತು ನನಗೆ. ಅವನು ತಿರುಗಲು ಕತ್ತು ಹೊರಳಿಸಿದ.

ಪ್ಲಾಸಿಡ್ ಹಲಗೆಯನ್ನು ನೆಲಕ್ಕೆ ಇಳಿಸಿಬಿಟ್ಟರು.

ನನಗೆ ಕೂಗಬೇಕೆನಿಸಿತು. ಕೂಗಿದರೆ ಬಾಬ್ ಓಡುತ್ತಾನೆ. ಅಷ್ಟು ಸಿಟ್ಟು, ಅಷ್ಟು ಭಯ ಒಟ್ಟಿಗೆ ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಪ್ಲಾಸಿಡ್ ಮೊಣಕಾಲು ಸ್ವಲ್ಪ ಬಗ್ಗಿಸಿ, ಎರಡು ಅಂಗೈ ಮುಂದೆ ಚಾಚಿ, ತಲೆ ತಗ್ಗಿಸಿ, "ಢೀ... ಢೀ..." ಎಂದರು.

ಬಾಬ್ ತಲೆ ಎಡಕ್ಕೆ ಒದರಿದ. ಬಲಕ್ಕೆ ಒದರಿದ. ಕೊಂಬುಗಳನ್ನು ನೆಲಮಟ್ಟಕ್ಕೆ ಇಳಿಸಿದ.

"ಢಿಕ್ಕಿ!"

ಅವನು ನನ್ನೆದುರಿನಿಂದ ಹಾದುಹೋಗುವಾಗ ಬಂದೂಕಿನ ಕುದುರೆ ಎಳೆದೆ. ಸೂಜಿ ಹಿಂಗಾಲಿನ ಚಪ್ಪೆಗೆ ನಾಟಿತು. ಅವನು ಅದನ್ನು ನೊಣ ಕಚ್ಚಿದಷ್ಟೂ ಲೆಕ್ಕಿಸಲಿಲ್ಲ. ನೇರ ಹೋಗಿ ಪ್ಲಾಸಿಡ್‌ರನ್ನು ಹಾಯ್ದ. ಅವರು ಹಿಂದಕ್ಕೆ ಬಿದ್ದರು. ಹೇಗೋ ಎರಡೂ ಕೊಂಬುಗಳ ಬುಡ ಅವರ ಕೈಗೆ ಸಿಕ್ಕಿತ್ತು, ಆದರೆ ಒಂದರ ತುದಿ ಆಗಲೇ ತೊಡೆಯೊಳಗೆ ಇಳಿದಿತ್ತು. ಅವರ ಖಾಕಿ ಪ್ಯಾಂಟು ಕಪ್ಪಾಗುತ್ತ ಬರುವುದು ನನಗೆ ಕಾಣಿಸಿತು.

ಅವರು ಕಿರುಚಲಿಲ್ಲ.

"ಢಿಕ್ಕಿ... ಹಾಂ... ಢಿಕ್ಕಿ, ಬಾಬ್..." ಅದೇ ದನಿ. ಉಸಿರು ಮಾತ್ರ ತುಂಡು ತುಂಡಾಗಿತ್ತು. ಬಾಬ್ ಒತ್ತುತ್ತಿದ್ದ, ಅವರು ಮರಳಿನ ಮೇಲೆ ಜಾರುತ್ತಿದ್ದರು. ನಾನು ಬಂದೂಕು ಬಿಟ್ಟು ಓಡುವ ಹಾಗಿಲ್ಲ. ನನ್ನನ್ನು ಕಂಡರೆ ಅವನು ಕೊಂಬು ಕಿತ್ತು ಓಡುತ್ತಾನೆ, ಕೀಳುವಾಗ ತೊಡೆ ಹರಿದು ಹೋಗುತ್ತದೆ. ಇನ್ನೊಂದು ಸೂಜಿ ಹಾರಿಸುವಂತೆಯೂ ಇಲ್ಲ, ಇಬ್ಬರೂ ಒಂದೇ ಮುದ್ದೆಯಾಗಿದ್ದರು. ದಂಡೆಯ ಹಿಂದೆ ಮಲಗಿ, ಮುಷ್ಟಿ ಕಚ್ಚಿಕೊಂಡು, ಒಬ್ಬ ಮನುಷ್ಯ ರಕ್ತ ಸುರಿಸುತ್ತ ಮಗು ಆಡಿಸುವ ಮಾತು ಆಡುವುದನ್ನು ಕೇಳಿದೆ. ಔಷಧದ ಬಾಟಲಿ ಹಳೆಯದಾಗಿತ್ತೇ, ಸೂಜಿ ಪೂರ್ತಿ ಇಳಿಯಲಿಲ್ಲವೇ, ಏನೆಲ್ಲ ಯೋಚನೆ ಬಂತು. ಆ ಕೆಲವು ನಿಮಿಷಗಳು ಮುಗಿಯಲೇ ಇಲ್ಲ.

ಕೊನೆಗೆ ಬಾಬ್‌ನ ಹಿಂಗಾಲು ತೂರಾಡಿತು. ಅವನು ಒಮ್ಮೆ ನಿಟ್ಟುಸಿರು ಬಿಟ್ಟು, ಮುಂಗಾಲು ಮಡಚಿ, ಪ್ಲಾಸಿಡ್ ಎದೆಯ ಮೇಲೆ ಮುಖ ಇಟ್ಟು ಕುಸಿದ. ಕೊಂಬು ತಾನಾಗಿಯೇ ಈಚೆಗೆ ಬಂತು. ಆಗ ನಾನು ಓಡಿದೆ. ಪ್ಲಾಸಿಡ್ ಆಗ ಕಿರುಚಿದರು. ಆ ಕಿರುಚಾಟಕ್ಕೆ ಗುಲಾಮ್ ಮುಹಮ್ಮದ್ ದುವಾ ಮರೆತು ಗಾಡಿ ತಂದ.

ತೊಡೆಗೆ ಬಿಗಿಯಾಗಿ ಕಟ್ಟು ಹಾಕಿದೆ. ದೊಡ್ಡ ರಕ್ತನಾಳಕ್ಕೆ ಏನೂ ಆಗಿರಲಿಲ್ಲ. ಗುಲಾಮ್ ಮುಹಮ್ಮದ್ ತನ್ನ ತಲೆವಸ್ತ್ರ ಬಿಚ್ಚಿ ಬಾಬ್‌ನ ಕಣ್ಣಿಗೆ ಕಟ್ಟಿದ. ಕೊಂಬಿನ ತುದಿಗಳಿಗೆ ನೀರಿನ ರಬ್ಬರ್ ಪೈಪು ತೊಡಿಸಿದೆವು. ಪಿಕಪ್ಪಿನ ಹಿಂಭಾಗದಲ್ಲಿ ಇಬ್ಬರನ್ನೂ ಒಟ್ಟಿಗೇ ಮಲಗಿಸಿದೆವು. ದಾರಿಯುದ್ದಕ್ಕೂ ಬಾಬ್‌ನ ತಲೆ ಕೆಳಗಾಗದಂತೆ ಪ್ಲಾಸಿಡ್ ತಮ್ಮ ಗಾಯವಿಲ್ಲದ ಕಾಲಿನ ಮೇಲೆ ಎತ್ತಿ ಹಿಡಿದುಕೊಂಡಿದ್ದರು. ಎಷ್ಟು ಹೇಳಿದರೂ ಬೇರೆಯವರಿಗೆ ಕೊಡಲಿಲ್ಲ. ಮಸೀದಿಯಿಂದ ಮಗ್ರಿಬ್ ಬಾಂಗ್ ಕೇಳುವಾಗ ನಾವು ಗೇಟಿನ ಒಳಗಿದ್ದೆವು. ಕಫೀಲ್ ಬಂದೂಕು ಹಿಡಿದು ಅಂಗಳದಲ್ಲಿ ನಿಂತಿದ್ದರು. ಪಿಕಪ್ಪಿನೊಳಗೆ ಇಣುಕಿ ನೋಡಿ, ಬಂದೂಕನ್ನು ಗುಲಾಮ್ ಮುಹಮ್ಮದ್ ಕೈಗೆ ಕೊಟ್ಟರು.

ಬಾಬ್‌ಗೆ ಪ್ರತ್ಯೇಕ ಆವರಣ ಕಟ್ಟಿಸಿದೆವು, ಸುತ್ತ ತಗಡಿನ ಗೋಡೆ. ಆಸ್ಪತ್ರೆಯಿಂದ ಕುಂಟುತ್ತ ಬಂದ ಪ್ಲಾಸಿಡ್‌ಗೆ ನಾನು ಕಟ್ಟುನಿಟ್ಟಾಗಿ ಹೇಳಿದೆ: ಇನ್ನು ನೀವು ಅವನ ಕಣ್ಣಿಗೆ ಬೀಳಬಾರದು, ನಿಮ್ಮ ದನಿ ಅವನ ಕಿವಿಗೆ ಬೀಳಬಾರದು. ಇನ್ನೊಮ್ಮೆ ಢಿಕ್ಕಿ ಎಂದರೆ ಅವನು ತಗಡು ಮುರಿದು ಬರುತ್ತಾನೆ, ಆಗ ಕಫೀಲನನ್ನು ತಡೆಯಲು ನನ್ನಿಂದ ಆಗದು. ಅವರು ಒಪ್ಪಿದರು. "ಅದು ಆಟ ಡಾಕ್ಟ್ರೆ. ಹಾಯ್ಲಿಕ್ಕೆ ಬಂದದ್ದಲ್ಲ. ಕೊಂಬು ಬೆಳೆದದ್ದು ಅವನಿಗೆ ಗೊತ್ತಿಲ್ಲ, ಅಷ್ಟೇ," ಎಂದರು. "ಆಟ ಅಲ್ಲ, ಮದ," ಎಂದೆ. ಈ ಜಗಳ ನಮ್ಮಲ್ಲಿ ತಿಂಗಳುಗಟ್ಟಲೆ ನಡೆಯಿತು. ಆದರೆ ಮಾತಿಗೆ ತಪ್ಪಲಿಲ್ಲ ಅವರು. ಸಂಜೆ ತಗಡಿನ ಈಚೆ ಒಂದು ಖಾಲಿ ಡಬ್ಬದ ಮೇಲೆ ತುಟಿ ಬಿಗಿದು ಕೂರುತ್ತಿದ್ದರು. ಆಚೆ ಬದಿಯಲ್ಲಿ ಬಾಬ್ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದ.

ಮುಂದಿನ ವರ್ಷ ಅವರ ಕರಾರು ಮುಗಿಯಿತು. ಕಫೀಲ್ ಮುಂದುವರಿಸಲು ಸಿದ್ಧರಿದ್ದರು. ಪ್ಲಾಸಿಡ್ ಬೇಡವೆಂದರು, ಶಾಶ್ವತವಾಗಿ ಊರಿಗೆ ಹೊರಟರು. ಯಾಕೆಂದು ಕೇಳಿದ್ದಕ್ಕೆ, "ಕರೆದ್ರೆ ಬರುವ ಪ್ರಾಯ ಅಂತ ಒಂದು ಉಂಟಲ್ಲ ಡಾಕ್ಟ್ರೆ. ಅದು ದಾಟಿದ ಮೇಲೆ ಕರೀಲಿಕ್ಕೂ ಹೆದರಬೇಕು," ಎಂದರು. ವೆನಿಸ್ಸಾಗೆ ಆಗ ಎಂಟು ವರ್ಷ. ಅವರಲ್ಲಿ ನಾನು ಮೊದಲ ಬಾರಿ ಭಯ ಕಂಡದ್ದು ಆವತ್ತು.

ಹೊರಡುವ ದಿನ ಪಿಕಪ್ಪಿಗೆ ಪೆಟ್ಟಿಗೆ ಏರಿಸಿ, "ಒಂದ್ನಿಮಿಷ" ಎಂದು ತಗಡಿನ ಬಳಿ ಹೋದರು. ನಾನು ಬೆನ್ನಿಗೇ ಹೋದೆ, ಎಲ್ಲಿ ಬಾಯಿ ಬಿಡುತ್ತಾರೋ ಎಂದು ನನಗೆ ಆತಂಕ. ಬಾಯಿ ಬಿಡಲಿಲ್ಲ. ತಲೆ ಬಗ್ಗಿಸಿ ಹಣೆಯನ್ನು ತಗಡಿಗೆ ಮೆಲ್ಲಗೆ ತಾಗಿಸಿ ನಿಂತರು. ಗಾಳಿ ಅವರ ಹಿಂದಿನಿಂದ ಬೀಸುತ್ತಿತ್ತು, ತಲೆಯಲ್ಲಿ ಎಂದಿನ ತೆಂಗಿನೆಣ್ಣೆ.

ಆಚೆಯಿಂದ ಗೊರಸಿನ ಸದ್ದು ಬಂತು. ಮರುಕ್ಷಣ ಧಡ್ ಎಂದು ತಗಡು ಅದುರಿತು. ಪ್ಲಾಸಿಡ್ ಎರಡು ಹೆಜ್ಜೆ ಹಿಂದಕ್ಕೆ ತತ್ತರಿಸಿದರು. ಹಣೆ ಕೆಂಪಾಗಿತ್ತು, ತಗಡು ಒಳಗಿನಿಂದ ಉಬ್ಬಿತ್ತು. ಪೂರ್ತಿ ಬಲ ಹಾಕಿ ಹಾಯ್ದ ಹೊಡೆತ ಅದು.

ಅವರು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ಮರೀಲಿಲ್ಲ ಅಲ್ವಾ ಡಾಕ್ಟ್ರೆ? ಸಣ್ಣದಿರುವಾಗ ಆಡಿದ್ದು ಮರೆತುಹೋಗುದಿಲ್ಲ ಅಲ್ವಾ?"

ಅದು ಮದವೆಂದು ನನಗೆ ಗೊತ್ತಿತ್ತು. ಇವತ್ತಿಗೂ ಗೊತ್ತು.

"ಇಲ್ಲ ಪ್ಲಾಸಿಡ್, ಮರೆಯಲ್ಲ," ಎಂದೆ. "ಅದು ಆಟಾನೇ."